ಊಟದ ಜೊತೆ ಗುಳಿಗೆ: ವಿಟಮಿನ್, ಖನಿಜದ ಮಾತ್ರೆಗಳನ್ನು ಲೆಕ್ಕ ಹಾಕಿ ತೆಗೆದುಕೊಳ್ಳುವ ಕ್ರಮ

ಮುಂಬಯಿ, ಪುಣೆ ಕಡೆಯ ನಮ್ಮವರ ಮನೆಗಳಲ್ಲಿ ಫ್ರಿಡ್ಜ್ ಮೇಲೆ ಒಂದು ಡಬ್ಬಿ ಇದ್ದೇ ಇರುತ್ತದೆ. ಅರ್ಧ ಮುಗಿದ ಕ್ಯಾಲ್ಸಿಯಂ ಸ್ಟ್ರಿಪ್, ಪಕ್ಕದ ಮನೆಯವರು ಹೇಳಿದರೆಂದು ತಂದ ಮಲ್ಟಿವಿಟಮಿನ್, ಮಗಳ ಕೂದಲು ಉದುರುತ್ತದೆಂದು ಆನ್‌ಲೈನ್‌ನಲ್ಲಿ ತರಿಸಿದ ಬಯೋಟಿನ್, ಕೋವಿಡ್ ಕಾಲದಿಂದ ಉಳಿದ ಝಿಂಕ್. ಆ ಡಬ್ಬಿಯನ್ನು ಕೆಳಗಿಳಿಸಿ, ಪಕ್ಕದಲ್ಲಿ ಇಟ್ಟುಕೊಂಡೇ ಮುಂದಕ್ಕೆ ಓದಿ. ಮೂರು ತಿಂಗಳು ಕಬ್ಬಿಣದ ಗುಳಿಗೆ ತಿಂದರೂ ಹಿಮೋಗ್ಲೋಬಿನ್ ಏರಲಿಲ್ಲ ಎನ್ನುವವರನ್ನು ಯಾವ ಹೊತ್ತಿಗೆ ತಿಂದಿರಿ ಎಂದು ಕೇಳಿದರೆ, ಬಹಳ ಮಂದಿಯಿಂದ ಬರುವ ಉತ್ತರ ಒಂದೇ: ಬೆಳಗ್ಗೆ ಚಹಾದ ಜೊತೆ. ಯಾವ ಮಾತ್ರೆ ಎನ್ನುವಷ್ಟೇ ಮುಖ್ಯ, ಅದು ಯಾವುದರ ಜೊತೆ ಹೊಟ್ಟೆಗೆ ಹೋಗುತ್ತದೆ ಮತ್ತು ಯಾವತ್ತು ನಿಲ್ಲುತ್ತದೆ ಎಂಬುದು.

ಮೊದಲು ತಟ್ಟೆಯ ಲೆಕ್ಕ

ಮೂರು ದಿನ ತಿಂದದ್ದನ್ನೆಲ್ಲ ಬರೆದಿಡಿ. ಎರಡು ಕೆಲಸದ ದಿನ, ಒಂದು ಭಾನುವಾರ. ಹಾಲು, ಮೊಸರು, ಮಜ್ಜಿಗೆ ಎಷ್ಟು ಲೋಟ, ಸೊಪ್ಪು, ಕಾಳು ಎಷ್ಟು ಬಟ್ಟಲು, ಮೊಟ್ಟೆ, ಮೀನು ಇತ್ತೇ, ಹಣ್ಣು ಯಾವುದು. ಚಹಾ, ಕಾಫಿ ಕುಡಿದ ಹೊತ್ತನ್ನೂ ಬರೆಯಿರಿ. ಆಫೀಸಿನ ಕೆಳಗೆ ನಿಂತು ಕುಡಿದ ಕಟಿಂಗ್ ಕೂಡ ಲೆಕ್ಕಕ್ಕೆ ಬರಬೇಕು.

ಕ್ಯಾಲ್ಸಿಯಂ ಒಂದನ್ನೇ ಹಿಡಿದು ಲೆಕ್ಕ ಹಾಕಿ ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೊರತಂದ ಪಟ್ಟಿಯ ಪ್ರಕಾರ ವಯಸ್ಕರಿಗೆ ದಿನಕ್ಕೆ 1000 ಮಿ.ಗ್ರಾಂ. ಬೇಕು, ಹಾಲೂಡಿಸುವ ತಾಯಂದಿರಿಗೂ ಮುಟ್ಟು ನಿಂತ ಹೆಂಗಸರಿಗೂ 1200. ಹಸುವಿನ ಹಾಲು 100 ಮಿ.ಲೀ.ಗೆ ಸುಮಾರು 120 ಮಿ.ಗ್ರಾಂ. ಕೊಡುತ್ತದೆ. ಒಂದು ದಿನದಲ್ಲಿ 200 ಮಿ.ಲೀ. ಹಾಲು (240), ದೊಡ್ಡ ಬಟ್ಟಲು ಮೊಸರು (ಸುಮಾರು 180), 50 ಗ್ರಾಂ ರಾಗಿ ಹಿಟ್ಟಿನ ರೊಟ್ಟಿ ಅಥವಾ ಅಂಬಲಿ (ಸುಮಾರು 180), ಸಿಪ್ಪೆ ತೆಗೆಯದ ಎಳ್ಳಿನ ಚಟ್ನಿಪುಡಿ ಒಂದು ದೊಡ್ಡ ಚಮಚ, ಅಂದರೆ 10 ಗ್ರಾಂ (ಸುಮಾರು 120) ಸೇರಿದರೆ 720 ಆಯಿತು. ಬೇಳೆ, ಸೊಪ್ಪು, ಜೋಳದಿಂದ ಇನ್ನೂ 150ರಷ್ಟು ಬರುತ್ತದೆ. ಉಳಿದ ಕೊರತೆ ಒಂದು ಲೋಟ ಮಜ್ಜಿಗೆಯದ್ದು. ಇಂಥ ಮನೆಯಲ್ಲಿ ಬೆಳಗ್ಗೆ ಒಂದು, ರಾತ್ರಿ ಒಂದು ಎಂದು 500ರ ಎರಡು ಕ್ಯಾಲ್ಸಿಯಂ ಗುಳಿಗೆ ನುಂಗುವುದು ದುಡ್ಡಿನ ದಂಡ, ಮೂತ್ರಪಿಂಡದಲ್ಲಿ ಕಲ್ಲಾಗುವ ಜಾಯಮಾನದವರಿಗೆ ಅಪಾಯ ಕೂಡ. ಹಾಲು ಮುಟ್ಟದ, ರಾಗಿ ತಿನ್ನದ, ಬರೀ ಅನ್ನ-ಸಾರಿನ ಮೇಲೆ ನಿಂತ ಮನೆಯ ಲೆಕ್ಕ 300-400ಕ್ಕೇ ನಿಲ್ಲಬಹುದು. ಅಲ್ಲಿ ಗುಳಿಗೆಗೆ ಕಾರಣವಿದೆ.

ಎಳ್ಳಿನ ವಿಷಯದಲ್ಲಿ ಒಂದು ಎಚ್ಚರ. ಅಂಗಡಿಯಲ್ಲಿ ಸಿಗುವ ಹಾಲಿನಂಥ ಬಿಳಿ ಎಳ್ಳು ಸಿಪ್ಪೆ ತೆಗೆದದ್ದು. ಕ್ಯಾಲ್ಸಿಯಂನ ಬಹುಪಾಲು ಆ ಸಿಪ್ಪೆಯಲ್ಲೇ ಹೋಗಿರುತ್ತದೆ. ಮಾಸಲು ಬಣ್ಣದ್ದು ಇಲ್ಲವೇ ಕರಿ ಎಳ್ಳು ಕೇಳಿ. ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದ್ದರೂ ಅದರೊಳಗಿನ ಆಕ್ಸಲೇಟ್ ಎಂಬ ಅಂಶ ಅದನ್ನು ಮೈಗೆ ಹತ್ತಲು ಬಿಡುವುದಿಲ್ಲ. ನುಗ್ಗೆ ಸೊಪ್ಪು, ಮೆಂತ್ಯ ಇದಕ್ಕಿಂತ ವಾಸಿ. ಊರಿನಿಂದ ಹೊಸದಾಗಿ ಬಂದವರಿಗೆ ಒಂದು ಮಾತು: ಇಲ್ಲಿನ ಅಂಗಡಿ, ಮಂಡಿಗಳಲ್ಲಿ ರಾಗಿಗೆ ನಾಚಣಿ, ಗುರೆಳ್ಳಿಗೆ ಕಾರಳೆ, ಹರಿವೆಗೆ ಮಾಠ್, ಅಳವಿ ಬೀಜಕ್ಕೆ ಅಳೀವ್ ಎಂದು ಕೇಳಿದರೆ ಬೇಗ ಸಿಗುತ್ತದೆ.

ಯಾವ ರಕ್ತಪರೀಕ್ಷೆ

ಲ್ಯಾಬುಗಳ ಎಪ್ಪತ್ತು-ಎಂಬತ್ತು ಪರೀಕ್ಷೆಗಳ ಪ್ಯಾಕೇಜು ಬೇಕಿಲ್ಲ. ಸುಸ್ತು, ಕೂದಲು ಉದುರುವುದು, ಕೈಕಾಲು ಜೋಮು, ಮೈಕೈ ನೋವು ಇದ್ದರೆ ಡಾಕ್ಟರರನ್ನು ಕೇಳಿ ಮಾಡಿಸಬೇಕಾದ್ದು ಮುಖ್ಯವಾಗಿ ಇಷ್ಟು: ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್, ವಿಟಮಿನ್ ಬಿ12, 25-ಹೈಡ್ರಾಕ್ಸಿ ವಿಟಮಿನ್ ಡಿ, ಜೊತೆಗೆ ಟಿಎಸ್‌ಎಚ್. ಕೊನೆಯದು ಏಕೆಂದರೆ ಥೈರಾಯ್ಡ್ ಸುಸ್ತೂ ವಿಟಮಿನ್ ಸುಸ್ತೂ ಹೊರನೋಟಕ್ಕೆ ಒಂದೇ ಥರ.

ಹಿಮೋಗ್ಲೋಬಿನ್ ಹೆಂಗಸರಲ್ಲಿ 12, ಗಂಡಸರಲ್ಲಿ 13, ಬಸುರಿಯರಲ್ಲಿ 11ಕ್ಕಿಂತ ಇಳಿದರೆ ರಕ್ತಹೀನತೆ. ಕಬ್ಬಿಣದ ದಾಸ್ತಾನು ಹೇಳುವುದು ಫೆರಿಟಿನ್. ಅದು 15ಕ್ಕಿಂತ ಕೆಳಗಿದ್ದರೆ ದಾಸ್ತಾನು ಖಾಲಿ. 30ರ ಕೆಳಗಿದ್ದರೂ ಅನೇಕ ವೈದ್ಯರು ಕೊರತೆ ಎಂದೇ ಹಿಡಿಯುತ್ತಾರೆ. ಜ್ವರ, ಸೋಂಕು ಇರುವಾಗ ಫೆರಿಟಿನ್ ಸುಳ್ಳುಸುಳ್ಳೇ ಏರಿ ಕೂರುತ್ತದೆ, ಹಾಗಾಗಿ ಮೈ ಸರಿಯಿಲ್ಲದ ವಾರದಲ್ಲಿ ಮಾಡಿಸಬೇಡಿ. ಬಿ12 ಸುಮಾರು 200 ಪಿಕೊಗ್ರಾಂಗಿಂತ ಕಡಿಮೆಯಾದರೆ ಕೊರತೆ, 200-300 ಅನುಮಾನದ ಜಾಗ. ವಿಟಮಿನ್ ಡಿ 20 ನ್ಯಾನೊಗ್ರಾಂಗಿಂತ ಕಡಿಮೆಯಾದರೆ ಕೊರತೆ.

ಸಿಬಿಸಿಯಲ್ಲಿ ಎಂಸಿವಿ ಎಂಬ ಸಾಲು ನೋಡಿ, ಅದು ಕೆಂಪು ರಕ್ತಕಣದ ಗಾತ್ರ. ಅದು ತೀರಾ ಕಡಿಮೆ, ಫೆರಿಟಿನ್ ಮಾತ್ರ ಸರಿಯಾಗಿದೆ ಎಂದಾದರೆ ಕಬ್ಬಿಣ ಶುರು ಮಾಡುವ ಮೊದಲು ಥಲಸೇಮಿಯಾ ಮೈನರ್ (ಹುಟ್ಟಿನಿಂದ ಬರುವ ರಕ್ತದ ದೋಷದ ಸೌಮ್ಯ ರೂಪ) ಇದೆಯೇ ಎಂದು ಎಚ್‌ಪಿಎಲ್‌ಸಿ ಪರೀಕ್ಷೆ ಮಾಡಿಸಿ. ಅಂಥವರಿಗೆ ಸುಮ್ಮಸುಮ್ಮನೆ ಕಬ್ಬಿಣ ಕೊಟ್ಟರೆ ರಕ್ತ ಏರುವುದಿಲ್ಲ, ಕಬ್ಬಿಣ ಮಾತ್ರ ಮೈಯಲ್ಲಿ ಜಮೆಯಾಗುತ್ತದೆ.

ಲೇಬಲ್ಲಿನಲ್ಲಿ ಯಾವ ಸಂಖ್ಯೆ ಓದಬೇಕು

ಕ್ಯಾಲ್ಸಿಯಂ ಸ್ಟ್ರಿಪ್ ಹಿಂಬದಿಯಲ್ಲಿ "ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿ.ಗ್ರಾಂ." ಎಂದಿರುತ್ತದೆ. ಅದು ಇಡೀ ಸಂಯುಕ್ತದ ತೂಕ. ಅದರೊಳಗಿನ ಅಸಲು ಕ್ಯಾಲ್ಸಿಯಂ 500. ಅದನ್ನೇ "ಎಲಿಮೆಂಟಲ್" ಎಂದು ಬರೆದಿರುತ್ತಾರೆ. ಕಾರ್ಬೊನೇಟಿನಲ್ಲಿ ಅಸಲು ಶೇ. 40, ಸಿಟ್ರೇಟಿನಲ್ಲಿ ಶೇ. 21. "1000 ಮಿ.ಗ್ರಾಂ." ಎಂದು ಮುಂದೆ ದಪ್ಪಕ್ಷರದಲ್ಲಿ ಬರೆದ ಸಿಟ್ರೇಟ್ ಮಾತ್ರೆ ನಿಜಕ್ಕೂ ಕೊಡುವುದು 210. ಕಬ್ಬಿಣದ್ದೂ ಇದೇ ಕಥೆ: ಫೆರಸ್ ಸಲ್ಫೇಟ್ 200 ಮಿ.ಗ್ರಾಂ. ಗುಳಿಗೆಯಲ್ಲಿ ಅಸಲು ಕಬ್ಬಿಣ ಸುಮಾರು 60-65. ಹಾಗಾಗಿ ಎರಡು ಬ್ರ್ಯಾಂಡಿನ ಬೆಲೆ ಹೋಲಿಸುವಾಗ ಎಲಿಮೆಂಟಲ್ ಸಂಖ್ಯೆಯನ್ನೇ ಹಿಡಿಯಿರಿ.

ವಿಟಮಿನ್ ಡಿ ಕೆಲವು ಡಬ್ಬಿಗಳಲ್ಲಿ ಐಯು (ಇಂಟರ್‌ನ್ಯಾಷನಲ್ ಯೂನಿಟ್) ಲೆಕ್ಕದಲ್ಲಿ, ಕೆಲವುಗಳಲ್ಲಿ ಮೈಕ್ರೋಗ್ರಾಂನಲ್ಲಿ ಇರುತ್ತದೆ. 1 ಮೈಕ್ರೋಗ್ರಾಂ ಅಂದರೆ 40 ಐಯು. ದಿನದ ಅಗತ್ಯ 600 ಐಯು.

ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಮುದ್ರೆ, 14 ಅಂಕಿಯ ಪರವಾನಗಿ ಸಂಖ್ಯೆ, "ನಾಟ್ ಫಾರ್ ಮೆಡಿಸಿನಲ್ ಯೂಸ್" ಎಂಬ ಸಾಲು ಇದ್ದರೆ ಅದು ಕಾನೂನಿನ ಕಣ್ಣಿಗೆ ಆಹಾರ, ಔಷಧವಲ್ಲ. ಪರೀಕ್ಷೆಯಲ್ಲಿ ಕೊರತೆ ಕಂಡಿದ್ದರೆ ಔಷಧದ ಪರವಾನಗಿಯಲ್ಲಿ ತಯಾರಾದ, ಒಂದೇ ಅಂಶದ ಮಾತ್ರೆ ಕೇಳಿ ಪಡೆಯುವುದು ಒಳ್ಳೆಯದು. ಜನೌಷಧಿ ಕೇಂದ್ರಗಳಲ್ಲಿ ಇವು ಬಹಳ ಅಗ್ಗ. 30 ಅಂಶಗಳನ್ನು ಒಂದೇ ಗುಳಿಗೆಯಲ್ಲಿ ತುರುಕಿದ್ದೇವೆ ಎಂದು ಬೀಗುವ ಮಲ್ಟಿವಿಟಮಿನ್ ಬಗ್ಗೆ ನಮಗೆ ಅಷ್ಟು ಗೌರವವಿಲ್ಲ: ಅದರಲ್ಲಿ ಕಬ್ಬಿಣವೂ ಕ್ಯಾಲ್ಸಿಯಂ ಕೂಡ ಒಟ್ಟಿಗೇ ಇದ್ದು ಒಂದು ಇನ್ನೊಂದರ ಕಾಲೆಳೆಯುತ್ತಿರುತ್ತವೆ, ಮತ್ತು ಕೊರತೆ ತುಂಬುವಷ್ಟು ಪ್ರಮಾಣ ಯಾವುದರಲ್ಲೂ ಇರುವುದಿಲ್ಲ. ಹಲ್ಲಿಲ್ಲದೆ ಊಟ ಸೇರದ ಹಿರಿಯರಿಗೆ, ತೂಕ ಇಳಿಸಲು ಅರ್ಧ ಊಟ ಮಾಡುವವರಿಗೆ ಅದು ಸರಿ.

ಕಬ್ಬಿಣ

ಗಂಡಸರಿಗೆ ದಿನಕ್ಕೆ 19 ಮಿ.ಗ್ರಾಂ., ಮುಟ್ಟಾಗುವ ವಯಸ್ಸಿನ ಹೆಂಗಸರಿಗೆ 29. ಜೋಳ, ಸೊಪ್ಪು, ಕಾಳುಗಳಲ್ಲಿ ಕಬ್ಬಿಣ ಇದೆ, ಆದರೆ ಅದರ ಹತ್ತನೇ ಒಂದು ಪಾಲು ಮೈಗೆ ಹತ್ತಿದರೆ ಹೆಚ್ಚು. ಆ ಪಾಲನ್ನು ಏರಿಸುವುದು ಅಡುಗೆಮನೆಯಲ್ಲೇ ಸಾಧ್ಯ. ಮಡಿಕೆ ಕಾಳನ್ನು ಮೊಳಕೆ ಬರಿಸಿದರೆ, ದೋಸೆ ಹಿಟ್ಟನ್ನು ರಾತ್ರಿಯಿಡೀ ಹುದುಗಿಸಿದರೆ ಕಬ್ಬಿಣವನ್ನು ಕಟ್ಟಿಹಾಕುವ ಫೈಟೇಟ್ ಕಡಿಮೆಯಾಗುತ್ತದೆ. ಭಾಕ್ರಿ-ಪಲ್ಯದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದರೆ, ಊಟಕ್ಕೆ ಪೇರಲೆಯ ನಾಲ್ಕು ಹೋಳು ಸೇರಿಸಿದರೆ ವಿಟಮಿನ್ ಸಿ ಕಬ್ಬಿಣವನ್ನು ಒಳಗೆ ಸೇರಿಸುತ್ತದೆ. ಸಾರು, ಗೊಜ್ಜಿನಂಥ ಹುಳಿ ಪದಾರ್ಥವನ್ನು ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಪಾತ್ರೆಯ ಕಬ್ಬಿಣವೂ ಸ್ವಲ್ಪ ಇಳಿಯುತ್ತದೆ. ಕುದಿದ ಮೇಲೆ ಬೇರೆ ಪಾತ್ರೆಗೆ ಬಗ್ಗಿಸಿಬಿಡಿ, ಇಲ್ಲದಿದ್ದರೆ ಕಪ್ಪಾಗುತ್ತದೆ. ಇದೆಲ್ಲವನ್ನೂ ಮಾಡಿ ಊಟವಾದ ಹತ್ತು ನಿಮಿಷಕ್ಕೆ ಕಡಕ್ ಚಹಾ ಕುಡಿದರೆ ಅದರ ಟ್ಯಾನಿನ್ ಎಲ್ಲವನ್ನೂ ಹಾಳುಗೆಡವುತ್ತದೆ. ಊಟಕ್ಕೂ ಚಹಾಕ್ಕೂ ಕನಿಷ್ಠ ಒಂದು ಗಂಟೆ ಅಂತರ ಇರಲಿ.

ಕೊರತೆ ಸಾಬೀತಾಗಿದ್ದರೆ ಊಟ ಮಾತ್ರದಿಂದ ತುಂಬುವುದಿಲ್ಲ, ಗುಳಿಗೆ ಬೇಕೇ ಬೇಕು. ತೆಗೆದುಕೊಳ್ಳುವ ಕ್ರಮ ಹೀಗೆ:

1. ಡಾಕ್ಟರು ಬರೆದ ಗುಳಿಗೆಯಲ್ಲಿ ಅಸಲು ಕಬ್ಬಿಣ ಎಷ್ಟು ನೋಡಿಕೊಳ್ಳಿ. 60 ಅಥವಾ 100 ಮಿ.ಗ್ರಾಂ. ಸಾಮಾನ್ಯ. ದಿನಕ್ಕೆ ಒಂದು ಸಾಕು. ಎರಡು ತಿಂದರೆ ಬೇಗ ಏರುತ್ತದೆ ಎಂಬುದು ತಪ್ಪು ಲೆಕ್ಕ: ಒಂದು ಗುಳಿಗೆ ಹೋದ ಕೂಡಲೇ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನ್ ಬಿಟ್ಟು ಸುಮಾರು ಒಂದು ದಿನ ಕರುಳಿನ ಬಾಗಿಲು ಹಾಕಿಬಿಡುತ್ತದೆ. ಈ ಕಾರಣಕ್ಕೇ ಅನೇಕ ವೈದ್ಯರು ಈಗ ದಿನ ಬಿಟ್ಟು ದಿನ ಒಂದು ಗುಳಿಗೆ ಕೊಡುತ್ತಾರೆ. ಹೊಟ್ಟೆಗೂ ಅದು ಹಗುರ. ಬಸುರಿಯರು ಮಾತ್ರ ತಾವಾಗಿ ಹೀಗೆ ಬದಲಿಸಬಾರದು.

2. ಬೆಳಗಿನ ಚಹಾ-ತಿಂಡಿಯಾಗಿ ಎರಡು ಗಂಟೆ ಬಿಟ್ಟು, ಊಟಕ್ಕೆ ಒಂದು ಗಂಟೆ ಮೊದಲು, ನೀರಿನ ಜೊತೆ ನುಂಗಿ. ನಿಂಬೆ ಶರಬತ್ತು, ಒಂದು ನೆಲ್ಲಿಕಾಯಿ, ಏನಾದರೂ ಹುಳಿ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಹಾಲು, ಮೊಸರು, ಕ್ಯಾಲ್ಸಿಯಂ ಗುಳಿಗೆ, ಆ್ಯಸಿಡಿಟಿಗೆ ಕುಡಿಯುವ ಆ್ಯಂಟಾಸಿಡ್ ಇವುಗಳಿಂದ ಎರಡು ಗಂಟೆ ದೂರ.

3. ಹೊಟ್ಟೆ ತೊಳಸಿದರೆ ಬಿಟ್ಟುಬಿಡಬೇಡಿ. ಮಧ್ಯಾಹ್ನದ ಊಟವಾದ ಮೇಲೆ ತೆಗೆದುಕೊಳ್ಳಿ, ಆ ಊಟದಲ್ಲಿ ಮೊಸರು ಬೇಡ. ಮಲ ಕಪ್ಪಾಗುವುದು ಸಹಜ, ಗಾಬರಿ ಬೇಡ; ಡಾಂಬರಿನ ಹಾಗೆ ಅಂಟಂಟಾಗಿ, ವಾಸನೆ ಹೊಡೆಯುವಂತಿದ್ದರೆ ಅದು ರಕ್ತ ಇರಬಹುದು, ತೋರಿಸಿ. ಮಲಬದ್ಧತೆಗೆ ನೀರು, ಅಂಜೂರ, ಇಸಬ್‌ಗೋಲ್.

4. ನಾಲ್ಕು ವಾರಕ್ಕೆ ಸಿಬಿಸಿ ಮತ್ತೆ ಮಾಡಿಸಿ. ಹಿಮೋಗ್ಲೋಬಿನ್ ಕನಿಷ್ಠ 1 ಗ್ರಾಂ ಏರಿರಬೇಕು. ಏರಿ ಸರಿಯಾದ ಮೇಲೂ ದಾಸ್ತಾನು ತುಂಬಲು ಇನ್ನೂ ಸುಮಾರು ಮೂರು ತಿಂಗಳು ಮುಂದುವರಿಸಬೇಕು. ಜನ ಎಡವುವುದು ಇಲ್ಲೇ: ವರದಿಯಲ್ಲಿ 12 ಕಂಡ ಕೂಡಲೇ ನಿಲ್ಲಿಸುತ್ತಾರೆ, ಆರು ತಿಂಗಳಲ್ಲಿ ಮತ್ತೆ 9ಕ್ಕೆ ಬಂದಿರುತ್ತದೆ.

ನಾಲ್ಕು ವಾರಕ್ಕೂ ಏರದಿದ್ದರೆ ಬ್ರ್ಯಾಂಡ್ ಬದಲಿಸಿ ಉಪಯೋಗವಿಲ್ಲ. ಮೊದಲು ಚಹಾ, ಕ್ಯಾಲ್ಸಿಯಂ ಹೊತ್ತು ನೋಡಿ. ಆಮೇಲೆ ರಕ್ತ ಎಲ್ಲಾದರೂ ಸೋರುತ್ತಿದೆಯೇ ನೋಡಬೇಕು: ಮುಟ್ಟಿನಲ್ಲಿ ಅತಿಸ್ರಾವ, ಮೂಲವ್ಯಾಧಿ, ನೋವಿನ ಮಾತ್ರೆಗಳಿಂದ ಆದ ಹೊಟ್ಟೆ ಹುಣ್ಣು. ಗಂಡಸರಲ್ಲಿ, ಮುಟ್ಟು ನಿಂತವರಲ್ಲಿ ಕಬ್ಬಿಣ ಕಡಿಮೆಯಾದರೆ ಕಾರಣ ಹುಡುಕದೆ ಗುಳಿಗೆ ತಿನ್ನುತ್ತ ಕೂರಬಾರದು. ಕರುಳಿನಲ್ಲಿ ರಕ್ತಸ್ರಾವ ಇಲ್ಲವೆಂದು ಖಚಿತವಾಗಬೇಕು.

ಬಸುರಿಯರ ಲೆಕ್ಕ ಬೇರೆ. ಗರ್ಭ ನಿಲ್ಲುವ ಮೊದಲಿಂದ ಹಿಡಿದು 12 ವಾರದವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್. ಮಗುವಿನ ಬೆನ್ನುಹುರಿಯ ನಾಳ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ನಾಲ್ಕು ವಾರದೊಳಗೆ, ಅಂದರೆ ಅನೇಕರಿಗೆ ಸುದ್ದಿಯೇ ಗೊತ್ತಾಗುವ ಮುಂಚೆ. ಆದ್ದರಿಂದಲೇ ಮೊದಲಿಂದ ಶುರು. ನಾಲ್ಕನೇ ತಿಂಗಳಿಂದ ಸರ್ಕಾರದ ಕೆಂಪು ಗುಳಿಗೆ, 60 ಮಿ.ಗ್ರಾಂ. ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್, 180 ದಿನ. ಹೆರಿಗೆಯಾದ ಮೇಲೆ ಮತ್ತೆ 180 ದಿನ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಪುಕ್ಕಟೆ ಸಿಗುತ್ತದೆ. ಜೊತೆಗೆ ಕೊಡುವ ಕ್ಯಾಲ್ಸಿಯಂ ದಿನಕ್ಕೆರಡು. ಅವನ್ನು ಊಟದ ಜೊತೆ ತಿಂದು, ಕಬ್ಬಿಣವನ್ನು ಬೇರೆ ಹೊತ್ತಿಗೆ ಇಡಬೇಕು. ಎಲ್ಲವನ್ನೂ ಒಟ್ಟಿಗೆ ಅಂಗೈಗೆ ಹಾಕಿಕೊಂಡು ನುಂಗುವ ಅಭ್ಯಾಸ ತವರಿಗೆ ಬಂದ ಮಗಳಿಗೆ ಇದ್ದರೆ ಅವ್ವನೇ ಬಿಡಿಸಬೇಕು.

ಬಿ12

ಸಸ್ಯಾಹಾರಿ ಮನೆಗಳಲ್ಲಿ ನಿಜವಾಗಿ ಗುಳಿಗೆ ಬೇಕಾಗುವ ವಿಟಮಿನ್ ಇದೊಂದು. ದಿನಕ್ಕೆ ಬೇಕಾದ್ದು 2 ಮೈಕ್ರೋಗ್ರಾಂಗೆ ಸ್ವಲ್ಪ ಹೆಚ್ಚು, ಅಷ್ಟೇ. ಆದರೆ ಸೊಪ್ಪು, ಕಾಳು, ಧಾನ್ಯ ಯಾವುದರಲ್ಲೂ ಇಲ್ಲ. ಇಡ್ಲಿ ಹಿಟ್ಟು ಹುದುಗಿದರೆ ಬರುತ್ತದೆ, ಸ್ಪಿರುಲಿನಾದಲ್ಲಿದೆ ಎಂಬ ಮಾತುಗಳನ್ನು ನಂಬಬೇಡಿ. ಸ್ಪಿರುಲಿನಾದಲ್ಲಿ ಇರುವುದರ ಬಹುಪಾಲು ನಮ್ಮ ಮೈಗೆ ಬಳಕೆಯಾಗದ ರೂಪ. ಹಾಲು-ಮೊಸರಿನಲ್ಲಿದೆ, 100 ಮಿ.ಲೀ.ಗೆ ಅರ್ಧ ಮೈಕ್ರೋಗ್ರಾಂಗಿಂತ ಸ್ವಲ್ಪ ಕಡಿಮೆ. ದಿನಕ್ಕೆ ಅರ್ಧ ಲೀಟರ್ ಹಾಲು-ಮೊಸರು ಹೊಟ್ಟೆಗೆ ಹೋದರೆ ಅಂಚಿಗೆ ತಲುಪಬಹುದು, ಎರಡು ಚಹಾದೊಳಗಿನ ಹಾಲಿಂದ ಖಂಡಿತ ಇಲ್ಲ.

ಕರಾವಳಿಯವರ ಮನೆಯಲ್ಲಿ ಬಂಗುಡೆ, ಮರುವಾಯಿ ವಾರಕ್ಕೆರಡು ಸಲ ಬೇಯುತ್ತಿದ್ದರೆ ಈ ಚಿಂತೆ ಬೇಡ. ಗೋವೆಯಲ್ಲಿ ತಿಸ್ರ್ಯೊ ಎಂದು ಮಾರುವ ಚಿಪ್ಪಿನಲ್ಲಿ ಬಿ12 ಹೇರಳ. ಜೂನ್-ಜುಲೈನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಅದರ ಬೆನ್ನಿಗೇ ಶ್ರಾವಣ. ಎರಡು-ಮೂರು ತಿಂಗಳು ಮೀನಿಲ್ಲದಿದ್ದರೆ ಏನು ಗತಿ ಎಂದು ಗುಳಿಗೆ ಶುರು ಮಾಡುವ ಅಗತ್ಯವಿಲ್ಲ. ಯಕೃತ್ತಿನಲ್ಲಿ ಬಿ12 ದಾಸ್ತಾನು ವರ್ಷಗಟ್ಟಲೆ ಬಾಳುತ್ತದೆ. ಅದೇ ಕಾರಣಕ್ಕೆ ಕೊರತೆಯೂ ಸದ್ದಿಲ್ಲದೆ ವರ್ಷಗಟ್ಟಲೆ ಬೆಳೆಯುತ್ತದೆ: ಅಂಗಾಲು ಜೋಮು, ನಾಲಿಗೆ ಉರಿ, ಮರೆವು, ನಡೆಯುವಾಗ ಹದ ತಪ್ಪುವುದು.

ಪುಣೆಯವರಿಗೆ ಈ ವಿಷಯ ಹೊಸದಲ್ಲ. ಅಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ 1993ರಲ್ಲಿ ಪುಣೆ ಹತ್ತಿರದ ಆರು ಹಳ್ಳಿಗಳಲ್ಲಿ ತಾಯಂದಿರ ಪೌಷ್ಟಿಕತೆಯ ಅಧ್ಯಯನ ಶುರು ಮಾಡಿತು. ಬಸುರಿಯರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿಗೆ ಬಿ12 ಕಡಿಮೆ ಇತ್ತು. 2008ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಬಿ12 ಕಡಿಮೆ, ಫೋಲೇಟ್ (ಫೋಲಿಕ್ ಆ್ಯಸಿಡ್ ಸೇರಿದ ವಿಟಮಿನ್) ಹೆಚ್ಚು ಇದ್ದ ತಾಯಂದಿರ ಮಕ್ಕಳಲ್ಲಿ ಆರನೇ ವಯಸ್ಸಿಗೇ ಇನ್ಸುಲಿನ್ ಪ್ರತಿರೋಧ, ಅಂದರೆ ಇನ್ಸುಲಿನ್‌ಗೆ ಮೈ ಸರಿಯಾಗಿ ಸ್ಪಂದಿಸದಿರುವುದು, ಎಲ್ಲರಿಗಿಂತ ಹೆಚ್ಚು ಕಂಡಿತು. ಫೋಲಿಕ್ ಆ್ಯಸಿಡ್ ಒಂದನ್ನೇ ವರ್ಷಗಟ್ಟಲೆ ತಿನ್ನಬಾರದು ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ: ಅದು ರಕ್ತಹೀನತೆಯನ್ನು ಸರಿಮಾಡಿ ವರದಿಯನ್ನು ಚಂದ ಮಾಡುತ್ತದೆ, ಒಳಗೆ ಬಿ12 ಕೊರತೆಯಿಂದ ನರಗಳು ಹಾಳಾಗುತ್ತಲೇ ಇರುತ್ತವೆ.

ಪ್ರಮಾಣ: ಕೊರತೆಯಿಲ್ಲದ ಸಸ್ಯಾಹಾರಿಗೆ ದಿನಕ್ಕೆ 10ರಿಂದ 50 ಮೈಕ್ರೋಗ್ರಾಂ, ಇಲ್ಲವೇ ವಾರಕ್ಕೊಮ್ಮೆ 2000 ಮೈಕ್ರೋಗ್ರಾಂ ಸಾಕು. ಬೇಕಾದ್ದು ಎರಡೇ ಆದರೂ ಇಷ್ಟು ಏಕೆ ಎಂದರೆ, ಒಂದು ಸಲಕ್ಕೆ ಕರುಳು ಕೈಹಿಡಿದು ಒಳಗೆ ಕರೆದುಕೊಳ್ಳುವುದು ಎರಡು ಮೈಕ್ರೋಗ್ರಾಂನಷ್ಟು ಮಾತ್ರ. ಉಳಿದದ್ದರಲ್ಲಿ ನೂರಕ್ಕೆ ಒಂದು ಪಾಲು ತಾನಾಗಿ ಸೋರಿ ಸೇರುತ್ತದೆ. ಕೊರತೆ ಇದ್ದರೆ ದಿನಕ್ಕೆ 1000 ಮೈಕ್ರೋಗ್ರಾಂ ಮಾತ್ರೆ, ಕೈಕಾಲು ಜೋಮು ಇದ್ದರೆ ಇಂಜೆಕ್ಷನ್, ಎರಡೂ ಡಾಕ್ಟರರ ಲೆಕ್ಕದಲ್ಲಿ. ಯಾವ ಹೊತ್ತಿಗೆ ತಿಂದರೂ ಆಗುತ್ತದೆ, ಇದಕ್ಕೆ ಚಹಾದ ಜಗಳವಿಲ್ಲ. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ತಿನ್ನುವವರು, ಆ್ಯಸಿಡಿಟಿಗೆ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ವರ್ಷಗಟ್ಟಲೆ ತಿನ್ನುವವರು ಮೀನು-ಮೊಟ್ಟೆ ತಿಂದರೂ ವರ್ಷಕ್ಕೊಮ್ಮೆ ಬಿ12 ನೋಡಿಸಬೇಕು. ಈ ಔಷಧಗಳು ಅದರ ಹೀರಿಕೆಯನ್ನು ತಗ್ಗಿಸುತ್ತವೆ.

ಮೆಡಿಕಲ್ ಅಂಗಡಿಯಲ್ಲಿ ಬರೀ "ನರದ ಗುಳಿಗೆ ಕೊಡಿ" ಎನ್ನಬೇಡಿ. ಮಿಥೈಲ್‌ಕೊಬಾಲಮಿನ್ (ಬಿ12ರ ಒಂದು ರೂಪ) ಜೊತೆ ಪ್ರಿಗ್ಯಾಬಲಿನ್ ಅಥವಾ ಗ್ಯಾಬಪೆಂಟಿನ್ ಬೆರೆಸಿದ ಮಾತ್ರೆಗಳು ಬಹಳ ಇವೆ. ಅವು ವಿಟಮಿನ್ ಅಲ್ಲ, ನಿದ್ದೆ ಬರಿಸುವ, ತಲೆ ತಿರುಗಿಸುವ ಔಷಧ. ನೂಕುನುಗ್ಗಲಿನ ಲೋಕಲ್‌ನಲ್ಲಿ ಬಾಗಿಲ ಬಳಿ ನಿಲ್ಲುವವರು, ಸ್ಕೂಟರ್ ಓಡಿಸುವವರು ಸ್ಟ್ರಿಪ್ ತಿರುಗಿಸಿ ಹೆಸರು ಓದಲೇಬೇಕು.

ವಿಟಮಿನ್ ಡಿ: ವಾರಕ್ಕೊಂದು ಎಂದರೆ ವಾರಕ್ಕೊಂದೇ

ಬಿಸಿಲಿನ ಊರಿನಲ್ಲಿದ್ದೂ ಕೊರತೆ ಏಕೆ? ಬೆಳಗ್ಗೆ ಸೂರ್ಯ ಏಳುವ ಮೊದಲು ಲೋಕಲ್, ದಿನವಿಡೀ ಆಫೀಸು, ಮನೆಗೆ ಬಂದರೆ ಎದುರು ಕಟ್ಟಡದ ನೆರಳು, ಜೂನಿನಿಂದ ಸೆಪ್ಟೆಂಬರ್‌ವರೆಗೆ ಮೋಡ. ಗಾಜಿನ ಕಿಟಕಿಯೊಳಗೆ ಬೀಳುವ ಬಿಸಿಲಿನಿಂದ ವಿಟಮಿನ್ ಡಿ ಆಗುವುದಿಲ್ಲ, ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಎಳೆ ಬಿಸಿಲಿಗೆ ಕೂತರೆ ಹಿತ, ವಿಟಮಿನ್ ಅತ್ಯಲ್ಪ. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿರುವ ಹೊತ್ತಿನಲ್ಲಿ ಮುಖ, ತೋಳಿಗೆ ಬಿಸಿಲು ಬೀಳಬೇಕು.

ಕೊರತೆಗೆ ಡಾಕ್ಟರು ಸಾಮಾನ್ಯವಾಗಿ ಬರೆಯುವುದು 60,000 ಐಯು ಸ್ಯಾಶೆ ಅಥವಾ ಕ್ಯಾಪ್ಸೂಲ್, ವಾರಕ್ಕೊಂದರಂತೆ ಎಂಟು ವಾರ, ಆಮೇಲೆ ತಿಂಗಳಿಗೊಂದು. ವಾರಕ್ಕೊಂದು ಎಂದರೆ ದಿನದ ಲೆಕ್ಕಕ್ಕೆ ಸುಮಾರು 8,500 ಐಯು; ತಿಂಗಳಿಗೊಂದು ಎಂದರೆ 2,000. ಡಾಕ್ಟರರ ಕಣ್ಗಾವಲಿಲ್ಲದೆ ದಿನಕ್ಕೆ 4,000 ದಾಟಬಾರದು ಎಂಬುದು ಮಿತಿ. ನಾಲ್ಕು ಕ್ಯಾಪ್ಸೂಲಿನ ಸ್ಟ್ರಿಪ್ ನೋಡಿ ದಿನಕ್ಕೊಂದು ಎಂದು ತಿಳಿದು ಎರಡು ತಿಂಗಳು ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ವಾಕರಿಕೆ, ಮಲಬದ್ಧತೆ, ತೀರದ ದಾಹ, ಪದೇಪದೇ ಮೂತ್ರ, ಮಂಕು; ಕಡೆಗೆ ಮೂತ್ರಪಿಂಡಕ್ಕೇ ಪೆಟ್ಟು. ಇದು ಕೊಬ್ಬಿನಲ್ಲಿ ಕರಗುವ ವಿಟಮಿನ್, ಹೆಚ್ಚಾದದ್ದು ಮೂತ್ರದಲ್ಲಿ ಹೋಗುವುದಿಲ್ಲ.

ತಪ್ಪು ತಪ್ಪಿಸುವ ಉಪಾಯ ಸರಳ. ವಾರದ ಒಂದು ದಿನ ಗೊತ್ತುಮಾಡಿ. ಭಾನುವಾರದ ಮಧ್ಯಾಹ್ನದ ಊಟ ಒಳ್ಳೆಯದು, ಏಕೆಂದರೆ ಅಂದು ತುಪ್ಪವೋ ಮೀನು ಸಾರೋ ಇದ್ದೇ ಇರುತ್ತದೆ, ಮತ್ತು ಕೊಬ್ಬಿನ ಜೊತೆಗೇ ಇದು ಮೈಗೆ ಹತ್ತುವುದು. ಗೋಡೆಯ ಕ್ಯಾಲೆಂಡರಿನಲ್ಲಿ ಎಂಟು ಭಾನುವಾರಗಳಿಗೆ ಮೊದಲೇ ಸುತ್ತು ಹಾಕಿ. ತಿಂದ ಮೇಲೆ ಅಡ್ಡಗೀಟು. ಸುತ್ತು ಮುಗಿದರೆ ವಾರದ ಗುಳಿಗೆಯೂ ಮುಗಿಯಿತು. ಮೂರು ತಿಂಗಳಿಗೆ ಪರೀಕ್ಷೆ. ಒಂದು ಭಾನುವಾರ ತಪ್ಪಿದರೆ ಸೋಮವಾರ ತಿನ್ನಿ, ಮುಂದಿನ ವಾರ ಎರಡು ಬೇಡ.

ಕ್ಯಾಲ್ಸಿಯಂ ನುಂಗುವ ಬಗೆ

ಒಂದು ಸಲಕ್ಕೆ 500 ಮಿ.ಗ್ರಾಂ.ಗಿಂತ ಹೆಚ್ಚು ಹೀರಿಕೆಯಾಗುವುದು ಕಷ್ಟ, ಹಾಗಾಗಿ 1000 ಬೇಕಿದ್ದರೂ ಎರಡು ಹೊತ್ತಿಗೆ ಹಂಚಬೇಕು. ಕಾರ್ಬೊನೇಟ್ ಕರಗಲು ಹೊಟ್ಟೆಯ ಆಮ್ಲ ಬೇಕು, ಊಟದ ಜೊತೆಗೇ ತಿನ್ನಿ. ಪ್ಯಾಂಟೊಪ್ರಜೋಲ್ ತಿನ್ನುವವರಲ್ಲಿ ಆಮ್ಲ ಕಡಿಮೆ. ಅವರಿಗೆ, ಕಲ್ಲಿನ ತೊಂದರೆ ಆದವರಿಗೆ ಸಿಟ್ರೇಟ್ ವಾಸಿ. ಗುಳಿಗೆ ದೊಡ್ಡದು, ನೆಟ್ಟಗೆ ಕೂತು ಲೋಟ ತುಂಬ ನೀರು ಕುಡಿಯಿರಿ.

ಉಳಿದವು, ಚುಟುಕಾಗಿ

ಝಿಂಕ್: ಮಗುವಿಗೆ ಭೇದಿಯಾದಾಗ ಓಆರ್‌ಎಸ್ ಜೊತೆ ದಿನಕ್ಕೆ 20 ಮಿ.ಗ್ರಾಂ. (ಆರು ತಿಂಗಳೊಳಗಿನ ಕೂಸಿಗೆ 10), 14 ದಿನ, ಭೇದಿ ನಿಂತರೂ ಪೂರ್ತಿ. ದೊಡ್ಡವರು ತಿಂಗಳುಗಟ್ಟಲೆ ದಿನಕ್ಕೆ 50 ತಿಂದರೆ ಮೈಯಲ್ಲಿ ತಾಮ್ರ ಕಡಿಮೆಯಾಗಿ ಹೊಸ ರಕ್ತಹೀನತೆ ಶುರುವಾಗುತ್ತದೆ. ಡಬ್ಬಿಯಲ್ಲಿ ಉಳಿದ ಕೋವಿಡ್ ಕಾಲದ ಝಿಂಕ್ ಎಸೆಯಿರಿ.

ಬಯೋಟಿನ್: ಕೊರತೆ ಅಪರೂಪ. ದೊಡ್ಡ ಪ್ರಮಾಣದಲ್ಲಿ ತಿಂದರೆ ಥೈರಾಯ್ಡ್ ಪರೀಕ್ಷೆ, ಹೃದಯಾಘಾತಕ್ಕೆ ಮಾಡುವ ಟ್ರೊಪೋನಿನ್ ಪರೀಕ್ಷೆ ಎರಡೂ ತಪ್ಪು ಉತ್ತರ ಕೊಡಬಹುದು. ರಕ್ತ ಕೊಡುವ ಎರಡು-ಮೂರು ದಿನ ಮೊದಲು ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ. ಕೂದಲು ಉದುರುವುದಕ್ಕೆ ಮೊದಲು ಫೆರಿಟಿನ್ ನೋಡಿಸುವುದು ಜಾಣತನ.

ವಿಟಮಿನ್ ಸಿ: ಒಂದು ನೆಲ್ಲಿಕಾಯಿ, ಒಂದು ಪೇರಲೆ ಇದ್ದಲ್ಲಿ ಗುಳಿಗೆ ಏಕೆ? ದಿನಕ್ಕೆ ಸಾವಿರಗಟ್ಟಲೆ ಮಿ.ಗ್ರಾಂ. ತಿಂದರೆ ಆಕ್ಸಲೇಟ್ ಕಲ್ಲಿನ ಭಯ.

ವಿಟಮಿನ್ ಎ: ಬಸುರಿಯರು ದೊಡ್ಡ ಪ್ರಮಾಣದ ಮಾತ್ರೆ ಮುಟ್ಟಬಾರದು, ಮಗುವಿಗೆ ಅಂಗದೋಷವಾಗಬಹುದು. ಕುಂಬಳ, ಗಜ್ಜರಿ, ಮಾವಿನ ಹಣ್ಣಿಗೆ ಈ ತೊಂದರೆ ಇಲ್ಲ.

ಅಯೋಡಿನ್ ಗುಳಿಗೆ ಬೇಡವೇ ಬೇಡ, ಅಯೋಡಿನ್ ಉಪ್ಪು ಇದ್ದರೆ ಸಾಕು. ಸೈಂಧವ ಲವಣಕ್ಕೆ ಪೂರ್ತಿ ಬದಲಾದ ಮನೆಗಳು ಪೊಟ್ಟಣದ ಮೇಲೆ ಅಯೋಡಿನ್ ಸೇರಿಸಿದೆ ಎಂದಿದೆಯೇ ನೋಡಿಕೊಳ್ಳಬೇಕು, ಬಹಳಷ್ಟರಲ್ಲಿ ಇರುವುದಿಲ್ಲ. ಬಿ-ಕಾಂಪ್ಲೆಕ್ಸ್ ತಿಂದ ದಿನ ಮೂತ್ರ ಕಡು ಹಳದಿಯಾಗುವುದು ಬಿ2ರ ಬಣ್ಣ, ಕಾಮಾಲೆಯಲ್ಲ.

ಒಂದು ದಿನದ ವೇಳಾಪಟ್ಟಿ

ಡೊಂಬಿವಲಿಯಿಂದ ಬೆಳಗ್ಗೆ ಎಂಟರ ಗಾಡಿ ಹಿಡಿಯುವ, ಥೈರಾಯ್ಡ್ ಗುಳಿಗೆ, ಕಬ್ಬಿಣ, ಕ್ಯಾಲ್ಸಿಯಂ ಮೂರೂ ಇರುವ ಹೆಂಗಸಿನ ದಿನವನ್ನು ಹೀಗೆ ಹಂಚಬಹುದು. ಆರಕ್ಕೆ ಎದ್ದ ಕೂಡಲೇ ಬರೀ ನೀರಿನಲ್ಲಿ ಥೈರಾಯ್ಡ್ ಗುಳಿಗೆ. ಆರೂಮುಕ್ಕಾಲರ ನಂತರ ಚಹಾ, ತಿಂಡಿ. ಹನ್ನೊಂದಕ್ಕೆ ಆಫೀಸಿನಲ್ಲಿ ಕಬ್ಬಿಣ, ಡಬ್ಬಿಯಲ್ಲಿ ತಂದ ನೆಲ್ಲಿಕಾಯಿ ಹೋಳಿನ ಜೊತೆ. ಥೈರಾಯ್ಡ್ ಗುಳಿಗೆಗೂ ಕಬ್ಬಿಣ, ಕ್ಯಾಲ್ಸಿಯಂಗೂ ನಾಲ್ಕು ಗಂಟೆ ಅಂತರ ಬೇಕು, ಇಲ್ಲಿ ಐದು ಸಿಕ್ಕಿತು. ಒಂದೂವರೆಗೆ ಊಟ, ಬಿ12 ಇದ್ದರೆ ಈಗ. ನಾಲ್ಕಕ್ಕೆ ಚಹಾ. ರಾತ್ರಿ ಊಟದ ನಡುವೆ ಕ್ಯಾಲ್ಸಿಯಂ. ಹನ್ನೊಂದರ ಮೀಟಿಂಗಿನಲ್ಲಿ ಕಬ್ಬಿಣ ಮರೆತುಹೋದರೆ ಆ ದಿನ ಬಿಟ್ಟುಬಿಡಿ, ಸಂಜೆ ಚಹಾದ ಮೇಲೆ ನುಂಗಿ ಸಮಾಧಾನ ಪಟ್ಟುಕೊಳ್ಳಬೇಡಿ.

ಸಿಪ್ರೊಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್ ಥರದ ಆ್ಯಂಟಿಬಯಾಟಿಕ್ ಬರೆದುಕೊಟ್ಟ ವಾರ ಕಬ್ಬಿಣ, ಕ್ಯಾಲ್ಸಿಯಂ, ಝಿಂಕ್ ನಿಲ್ಲಿಸಬೇಕೇ ಎಂದು ಕೇಳಿ. ಒಟ್ಟಿಗೆ ಹೋದರೆ ಔಷಧವೇ ಕಟ್ಟಿಬೀಳುತ್ತದೆ. ವಾರ್ಫರಿನ್ ಅಥವಾ ಅಸೆನೊಕೌಮರಾಲ್ ಎಂಬ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತಿನ್ನುವವರು ವಿಟಮಿನ್ ಕೆ, ಇ ಇರುವ ಯಾವ ಮಲ್ಟಿವಿಟಮಿನನ್ನೂ ಕೇಳದೆ ಶುರು ಮಾಡಬಾರದು. ಮೂತ್ರಪಿಂಡದ ಕಾಯಿಲೆಯವರಿಗೆ ಈ ಬರಹದ ಯಾವ ಪ್ರಮಾಣವೂ ಅನ್ವಯಿಸುವುದಿಲ್ಲ.

ಇಡುವ ಜಾಗ

ಮಳೆಗಾಲದ ಮುಂಬಯಿ, ಗೋವೆಯ ತೇವಕ್ಕೆ ಉಪ್ಪೇ ನೀರಾಗುತ್ತದೆ, ಗುಳಿಗೆ ಏನು ಮಹಾ. ಡಬ್ಬಿಯೊಳಗಿನ ಸಣ್ಣ ಸಿಲಿಕಾ ಪೊಟ್ಟಣ ಎಸೆಯಬೇಡಿ, ಮುಚ್ಚಳ ಬಿಗಿಯಾಗಿ ತಿರುಗಿಸಿ. ನೂರು ಗುಳಿಗೆಯ ಡಬ್ಬಿಗಿಂತ ಅಲ್ಯುಮಿನಿಯಂ ಸ್ಟ್ರಿಪ್ ಇಲ್ಲಿನ ಹವೆಗೆ ಒಳ್ಳೆಯದು. ಬಚ್ಚಲು, ಗ್ಯಾಸ್ ಒಲೆಯ ಮೇಲಿನ ಕಪಾಟು, ಬಿಸಿ ಬರುವ ಫ್ರಿಡ್ಜಿನ ತಲೆ ಮೂರೂ ತಪ್ಪು ಜಾಗ. ಮಲಗುವ ಕೋಣೆಯ ಬೀರು ಸರಿ. ಕಂದು ಬಣ್ಣಕ್ಕೆ ತಿರುಗಿದ ವಿಟಮಿನ್ ಸಿ, ಒಂದಕ್ಕೊಂದು ಅಂಟಿದ ಗಮ್ಮಿ, ಉಬ್ಬಿದ ಎಫರ್ವೆಸೆಂಟ್ ಎಸೆಯಿರಿ. ಸ್ಟ್ರಿಪ್ಪನ್ನು ಕತ್ತರಿಸಿ ಪರ್ಸಿನಲ್ಲಿಡುವಾಗ ಹೆಸರು, ಅವಧಿ ದಿನಾಂಕ ಇರುವ ತುದಿ ಉಳಿಯುವಂತೆ ಕತ್ತರಿಸಿ. ಪ್ರತಿ ಸ್ಟ್ರಿಪ್ಪಿನ ಮೇಲೆ ಮಾರ್ಕರಿನಲ್ಲಿ ಶುರು ಮಾಡಿದ ತಾರೀಖು, ನಿಲ್ಲಿಸುವ ತಾರೀಖು ಎರಡನ್ನೂ ಬರೆಯಿರಿ.

ಮಕ್ಕಳಿರುವ ಮನೆಯಲ್ಲಿ ಕಬ್ಬಿಣದ ಗುಳಿಗೆಗೆ ಬೀಗ. ಕೆಂಪು ಸಕ್ಕರೆ ಲೇಪದ ಆ ಗುಳಿಗೆ ನೋಡಲು ಪೆಪ್ಪರಮೆಂಟಿನಂತಿರುತ್ತದೆ, ಸಣ್ಣ ಮಗು ಕೆಲವೇ ಗುಳಿಗೆ ನುಂಗಿದರೂ ಜೀವಕ್ಕೆ ಅಪಾಯ. ಹಾಗಾದರೆ ವಾಂತಿ ಮಾಡಿಸಲು ಹೋಗಬೇಡಿ, ವಾಂತಿ-ಭೇದಿ ಶುರುವಾಗುವವರೆಗೆ ಕಾಯಲೂ ಬೇಡಿ. ಮಗು ಆಟವಾಡಿಕೊಂಡಿದ್ದರೂ ಕೂಡಲೇ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ, ದಾರಿಯಲ್ಲಿ 108ಕ್ಕೆ ಕರೆ ಮಾಡಿ. ಖಾಲಿ ಸ್ಟ್ರಿಪ್ ಕೈಯಲ್ಲೇ ಇರಲಿ: ಎಷ್ಟು ಗುಳಿಗೆ ಕಡಿಮೆಯಾಗಿವೆ, ಒಂದೊಂದರಲ್ಲಿ ಎಷ್ಟು ಮಿ.ಗ್ರಾಂ. ಅಸಲು ಕಬ್ಬಿಣ, ಮಗುವಿನ ತೂಕ ಎಷ್ಟು ಎಂಬುದನ್ನು ಡಾಕ್ಟರು ಮೊದಲಿಗೇ ಕೇಳುತ್ತಾರೆ.